ಜೀಪಿನ ಮೀಟರ್ ಡಯಲ್ ಹೊಸದಾಗಿ ಮಾಡುವುದು: ಕೋನ, ಪ್ರಿಂಟ್, ಕನ್ನಡ ಅಂಕಿ, ಮಳೆಗಾಲದ ತೇವ

ಹುಲಿಕಲ್_ಜೀಪು

ಹಳೆ ಮಹೀಂದ್ರಾ ಜೀಪು. ಕೇಬಲ್ ಮೇಲೆ ಓಡುವ ಸ್ಪೀಡೋಮೀಟರ್, ಪಕ್ಕದಲ್ಲಿ ಡೀಸೆಲ್ ಮೀಟರ್, ಟೆಂಪರೇಚರ್ ಮೀಟರ್ ಬೇರೆ ಬೇರೆ. ಮೂರೂ ಕೆಲಸ ಮಾಡುತ್ತವೆ. ಆದರೆ ಡಯಲ್ ಮೇಲಿನ ಬಣ್ಣ ಹಪ್ಪಳದ ಹಾಗೆ ಎದ್ದು, 40ರಿಂದ 70ರವರೆಗೆ ಅಂಕಿ ಓದಲಿಕ್ಕೇ ಆಗುವುದಿಲ್ಲ. ಹೊಸ ಡಯಲ್ ಮಾಡಬೇಕು. ಕಪ್ಪು ಮೈ, ಬಿಳಿ ಗೆರೆ, ಅಂಕಿಗಳು ಕನ್ನಡದವು, ರಾತ್ರಿ ಹಿಂದಿನಿಂದ ಬೆಳಕು. ಶಿವಮೊಗ್ಗದ ರೇಡಿಯಂ ಅಂಗಡಿಯಲ್ಲಿ ಸ್ಟಿಕರ್ ಹೊಡೆದು ಕೊಡುತ್ತೇವೆ ಅಂತಾರೆ. ಸ್ಟಿಕರ್ ಸಾಕಾ? ಡಿಸೈನ್ ಎಲ್ಲಿಂದ ಶುರು ಮಾಡಬೇಕು? ಘಾಟಿ ಮೇಲಿನ ಮಳೆಗೆ ತಡೆಯುತ್ತದಾ?

ಡಯಲ್_ಡ್ರಾಯಿಂಗ್

ಡಿಸೈನ್ ಕೊನೆಗೆ. ಮೊದಲು ಕೋನ. ಡಯಲ್ ಅಂದರೆ ಅಳತೆ ಸಾಧನದ ಅಳತೆಪಟ್ಟಿ. ಹಳೆಯದನ್ನು ಸ್ಕ್ಯಾನ್ ಮಾಡಿ ಅದರ ಮೇಲೇ ಗೆರೆ ಎಳೆದರೆ ಹಳೆ ತಪ್ಪೂ ಜೊತೆಗೆ ಬರುತ್ತದೆ. ಮುಳ್ಳು ಯಾವ ವೇಗಕ್ಕೆ ಎಷ್ಟು ಡಿಗ್ರಿ ತಿರುಗುತ್ತದೆ ಅಂತ ಅಳೆದು, ಆ ಕೋನಕ್ಕೆ ಗೆರೆ ಹಾಕಬೇಕು.

ಕೇಬಲ್ ಸ್ಪೀಡೋಮೀಟರಿನಲ್ಲಿ ಕೇಬಲ್ಲು ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು ಇದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಬಟ್ಟಲಿನಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಅದನ್ನು ಜೊತೆಗೆ ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಎಳೆತವೂ ವೇಗದ ಪ್ರಮಾಣದಲ್ಲಿ, ಸ್ಪ್ರಿಂಗಿನ ಬಲವೂ ಕೋನದ ಪ್ರಮಾಣದಲ್ಲಿ. ಹಾಗಾಗಿ ಗೆರೆಗಳ ನಡುವಿನ ಅಂತರ ಸಮನಾಗಿರಬೇಕು. ಸಮನಾಗಿ ಬರದಿದ್ದರೆ ಮೀಟರಿನಲ್ಲೇ ತೊಂದರೆ ಇದೆ, ಡಯಲ್ ಬದಲಾಯಿಸಿ ಪ್ರಯೋಜನವಿಲ್ಲ.

ಮೊದಲ ಲೆಕ್ಕ: ನಿಮ್ಮ ಗಾಡಿ ಒಂದು ಕಿಲೋಮೀಟರ್ ಓಡಿದರೆ ಕೇಬಲ್ ಎಷ್ಟು ಸುತ್ತು ತಿರುಗುತ್ತದೆ? ಜಪಾನಿನ ಪದ್ಧತಿಯ ಮೀಟರುಗಳಲ್ಲಿ 637 ಸುತ್ತು, ಅಂದರೆ 60 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 637. ಅಮೆರಿಕದ ಹಳೆ ಪದ್ಧತಿಯಲ್ಲಿ ಮೈಲಿಗೆ 1000 ಸುತ್ತು, ಅಂದರೆ ಕಿಲೋಮೀಟರಿಗೆ ಸುಮಾರು 621. ನಿಮ್ಮದು ಯಾವುದು ಅಂತ ಊಹಿಸಬೇಡಿ. ಮೀಟರ್ ಕಡೆಯ ತುದಿಯಲ್ಲಿ ಕೇಬಲ್ ಬಿಚ್ಚಿ, ಒಳಗಿನ ಎಳೆಗೆ ಕಾಗದದ ಬಾವುಟ ಅಂಟಿಸಿ. ಗೇರ್ ನ್ಯೂಟ್ರಲ್. ಸಮತಟ್ಟು ಜಾಗದಲ್ಲಿ ಟೇಪು ಹಿಡಿದು 40 ಮೀಟರ್ ಗುರುತು ಮಾಡಿ, ಗಾಡಿ ನೂಕಿ ಸುತ್ತು ಎಣಿಸಿ. 20 ಮೀಟರ್ ಸಾಲದು, ಕಾಲು ಸುತ್ತು ತಪ್ಪಿದರೂ ಶೇ. 2 ವ್ಯತ್ಯಾಸ. 40 ಮೀಟರಿಗೆ ಅದು ಶೇ. 1ಕ್ಕೆ ಇಳಿಯುತ್ತದೆ.

ಆಟೋಕರೆಂಟು_ಸಾಗರ

ಜಾಕ್ ಹಾಕಿ ಒಂದೇ ಹಿಂಚಕ್ರ ಎತ್ತಿ ತಿರುಗಿಸಿ ಎಣಿಸುವವರಿದ್ದಾರೆ. ಹಾಗೆ ಮಾಡಬೇಡಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವಾಗ ಡಿಫರೆನ್ಷಿಯಲ್‌ನಿಂದಾಗಿ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಪೆಟ್ಟಿಗೆಯಿಂದ ಹಿಂಚಕ್ರಗಳ ಕಡೆ ಹೋಗುವ ಉದ್ದ ದಂಡ) ಅರ್ಧವೇ ತಿರುಗುತ್ತದೆ, ಕೇಬಲ್ ಎಣಿಕೆಯೂ ಅರ್ಧ ಬರುತ್ತದೆ. ನೂಕುವುದೇ ಸರಿ. ಟೈರಿನ ಗಾಳಿ ಸರಿಯಾಗಿರಲಿ, ಗಾಡಿಯ ಭಾರ ಟೈರಿನ ಮೇಲಿರಲಿ.

ಮಲೆನಾಡ_ಆರ್‌ಎಕ್ಸ್

ಟೈರ್ ಬದಲಾಯಿಸಿದ್ದರೆ ಈ ಲೆಕ್ಕದಲ್ಲಿ ತಾನಾಗಿಯೇ ಸೇರಿಕೊಳ್ಳುತ್ತೆ ಅಲ್ವಾ? ಹೊಸ ಡಯಲ್‌ನಲ್ಲೇ ತಿದ್ದಿಬಿಡಬಹುದು.

ಡಯಲ್_ಡ್ರಾಯಿಂಗ್

ವೇಗಕ್ಕೆ ಹೌದು. 215/75 ಆರ್15 ಟೈರಿನ ವ್ಯಾಸ 703.5 ಮಿ.ಮೀ., 235/75 ಆರ್15 ಟೈರಿನದು 733.5 ಮಿ.ಮೀ. ಚಿಕ್ಕದು ತೆಗೆದು ದೊಡ್ಡದು ಹಾಕಿದರೆ ಶೇ. 4.3 ವ್ಯತ್ಯಾಸ, ಮೀಟರ್ 60 ತೋರಿಸುವಾಗ ಗಾಡಿ 62.6ರಲ್ಲಿದೆ. ಡಯಲ್ ಗೆರೆಯಿಂದ ಇದನ್ನು ಸರಿ ಮಾಡಬಹುದು. ಒಟ್ಟು ಓಡಿದ ಕಿ.ಮೀ. ಎಣಿಸುವ ಓಡೋಮೀಟರ್ ಮಾತ್ರ ಹಲ್ಲುಚಕ್ರದ ಲೆಕ್ಕದಲ್ಲಿ ಓಡುವುದರಿಂದ ಅದು ಶೇ. 4.1 ಕಡಿಮೆಯೇ ಎಣಿಸುತ್ತ ಹೋಗುತ್ತದೆ. ಆಯಿಲ್ ಬದಲಾವಣೆ, ಮೈಲೇಜ್ ಲೆಕ್ಕಕ್ಕೆ ಅದನ್ನು ನೆನಪಿಟ್ಟುಕೊಳ್ಳಬೇಕು. ಸರಿಯಾದ ಪರಿಹಾರ ಅಂದರೆ ಕೇಬಲ್ ಹೊರಡುವಲ್ಲಿನ ಪ್ಲಾಸ್ಟಿಕ್ ಹಲ್ಲುಚಕ್ರ ಬದಲಾಯಿಸುವುದು.

ಇನ್ನೊಂದು ಮುಖ್ಯ ಮಾತು. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಯುರೋಪಿನ ಇಸಿಇ 39ನೇ ನಿಯಮದಲ್ಲಿ ಕಾರುಗಳಿಗೆ ಇರುವ ಲೆಕ್ಕ: ಮೀಟರ್ ತೋರಿಸುವುದು ನಿಜ ವೇಗಕ್ಕೆ ಸಮ ಅಥವಾ ಹೆಚ್ಚು ಇರಬೇಕು, ಹೆಚ್ಚು ಎಂದರೂ ನಿಜ ವೇಗದ ಹತ್ತನೇ ಒಂದು ಭಾಗ ಮತ್ತು 4 ಕಿ.ಮೀ. ಸೇರಿದಷ್ಟು. ನಿಜಕ್ಕೂ 60ರಲ್ಲಿದ್ದರೆ ಮುಳ್ಳು 60ರಿಂದ 70ರೊಳಗೆ. ಮನೆಯಲ್ಲಿ ಮಾಡುವ ಡಯಲ್‌ಗೆ 60ಕ್ಕೆ 61–62 ತೋರಿಸುವ ಹಾಗೆ ಗುರಿ ಇಡಿ.

ಹುಲಿಕಲ್_ಜೀಪು

40 ಮೀಟರಿಗೆ 25 ಸುತ್ತು ಮತ್ತು ಅರ್ಧ. ಎರಡು ಸಲ ಮಾಡಿದೆ, ಅಷ್ಟೇ ಬಂತು.

ಡಯಲ್_ಡ್ರಾಯಿಂಗ್

25.5ನ್ನು 40ರಿಂದ ಭಾಗಿಸಿ 1000ದಿಂದ ಗುಣಿಸಿದರೆ 637.5. ಅಲ್ಲಿಗೆ 637ರ ಲೆಕ್ಕವೇ. ಇನ್ನು ಮೀಟರ್ ಬಿಚ್ಚಿ ಡ್ರಿಲ್ ಮೇಲೆ ಓಡಿಸಿ. ವೇಗ ಹೆಚ್ಚುಕಡಿಮೆ ಮಾಡಬಹುದಾದ ಡ್ರಿಲ್ ಬೇಕು. ಕೇಬಲ್ಲಿನ ಚೌಕ ತುದಿಯ ಅಳತೆಗೆ ಒಂದು ಮೊಳೆ ಅರೆದು ಡ್ರಿಲ್ ಬಾಯಿಗೆ ಹಿಡಿಸಿ. ಬೆಳಕಿನಿಂದ ಸುತ್ತು ಎಣಿಸುವ ಕೈ ಟ್ಯಾಕೋಮೀಟರ್ ಇದ್ದರೆ ಡ್ರಿಲ್ ಚಕ್ಕಿನ ಮೇಲೆ ಹೊಳೆಯುವ ಪಟ್ಟಿ ಅಂಟಿಸಿ ಓದಿ.

ನಿಮಿಷಕ್ಕೆ ಸುತ್ತು: 20ಕ್ಕೆ 212, 40ಕ್ಕೆ 425, 60ಕ್ಕೆ 637, 80ಕ್ಕೆ 849, 100ಕ್ಕೆ 1062.

ಮುಳ್ಳು ಮೇಲೇಳದಿದ್ದರೆ ತಿರುಗುವ ದಿಕ್ಕು ಉಲ್ಟಾ, ಡ್ರಿಲ್ ರಿವರ್ಸಿಗೆ ಹಾಕಿ. ಮೀಟರನ್ನು ಜೀಪಿನಲ್ಲಿ ಕೂರುವ ಓರೆಯಲ್ಲೇ ಹಿಡಿದಿಡಬೇಕು. ಮುಳ್ಳಿನ ತೂಕ ಪೂರ್ತಿ ಸಮವಾಗಿಲ್ಲದಿದ್ದರೆ ಮಲಗಿಸಿದಾಗ ಒಂದು, ನಿಲ್ಲಿಸಿದಾಗ ಇನ್ನೊಂದು ಓದು ಬರುತ್ತದೆ. ಇದೇ ಕಾರಣಕ್ಕೆ ಮುಳ್ಳಿಗೆ ದಪ್ಪ ಬಣ್ಣ ಬಳಿಯಬೇಡಿ.

ಡಯಲ್ ಮೇಲೆ ಪಾರದರ್ಶಕ ಕೋನಮಾಪಕ ಇಟ್ಟು, ಮುಳ್ಳು ಒರಗಿ ನಿಲ್ಲುವ ಗೂಟವನ್ನು ಸೊನ್ನೆ ಡಿಗ್ರಿ ಅಂತ ಇಟ್ಟುಕೊಂಡು ಐದೂ ಕೋನ ಬರೆಯಿರಿ. ಪ್ರತಿಯೊಂದನ್ನೂ ವೇಗ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ಓದಿ. ಎರಡರ ನಡುವೆ 3–4 ಡಿಗ್ರಿ ವ್ಯತ್ಯಾಸ ಬಂದರೆ ಮುಳ್ಳಿನ ಕಡ್ಡಿಯ ಬುಡದಲ್ಲಿ ಕೊಳೆ ಇದೆ. ಮೊದಲು ಅದು ಹೋಗಬೇಕು.

ಆಟೋಕರೆಂಟು_ಸಾಗರ

ಬಿಚ್ಚುವ ಬಗ್ಗೆ. ಈ ಮೀಟರಿಗೆ ಸ್ಕ್ರೂ ಇರುವುದಿಲ್ಲ, ಗಾಜಿನ ಸುತ್ತ ತಗಡಿನ ರಿಮ್ಮನ್ನು ಹಿಂದಕ್ಕೆ ಮಡಚಿ ಒತ್ತಿರುತ್ತಾರೆ. ಚಿಕ್ಕ ಸ್ಕ್ರೂಡ್ರೈವರ್ ತುದಿಯಿಂದ ಮಡಿಕೆಯನ್ನು ಒಂದೇ ಸಲ ಎತ್ತಬೇಡಿ. ತಗಡು ಹಳೆಯದು, ಸೀಳುತ್ತದೆ. ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತುತ್ತ ಮೂರು ನಾಲ್ಕು ಸುತ್ತು ಬನ್ನಿ. ಗಾಜು ಹೊರಬರುವ ಮುಂಭಾಗದ ಅರ್ಧ ಸುತ್ತಾದರೂ ಪೂರ್ತಿ ನೆಟ್ಟಗಾಗಬೇಕು. ಬಿಚ್ಚುವ ಮೊದಲು ಓಡೋಮೀಟರ್ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ, ಆ ಚಕ್ರಗಳನ್ನು ಮುಟ್ಟಬೇಡಿ.

ಮುಳ್ಳು ಕೀಳುವ ಕ್ರಮ: ಮುಳ್ಳನ್ನು ಮೆಲ್ಲಗೆ ಎತ್ತಿ ಗೂಟ ದಾಟಿಸಿ, ಕೆಳಗೆ ಬಿಡಿ. ಸ್ಪ್ರಿಂಗ್ ಎಳೆತವಿಲ್ಲದೆ ಅದು ತಾನಾಗಿ ನಿಲ್ಲುವ ಜಾಗಕ್ಕೆ ಡಯಲ್ ಅಂಚಿನ ಹೊರಗೆ, ಮೀಟರಿನ ಡಬ್ಬಿಯ ಮೇಲೇ ಗುರುತು ಹಾಕಿ. ಡಯಲ್ ಮೇಲೆ ಹಾಕಿದರೆ ಗುರುತೂ ಡಯಲ್ ಜೊತೆ ಹೋಗುತ್ತದೆ. ಆಮೇಲೆ ಹಳೆ ಎಟಿಎಂ ಕಾರ್ಡನ್ನು ಸೀಳಿ ಮುಳ್ಳಿನ ಬುಡದ ಕೆಳಗೆ ತೂರಿಸಿ, ಎರಡು ಚಮಚದ ಹಿಡಿಗಳಿಂದ ಎರಡೂ ಕಡೆ ಒಟ್ಟಿಗೆ ಮೇಲಕ್ಕೆ ಮೀಟಿ. ತಿರುಚಿ ಕಿತ್ತರೆ ಕೂದಲೆಳೆ ಸ್ಪ್ರಿಂಗ್ ಸೊಟ್ಟಗಾಗುತ್ತದೆ. ಅದಾದರೆ ಮೀಟರ್ ಮುಗಿಯಿತು. ವಾಪಸ್ ಕೂರಿಸುವಾಗ ಅದೇ ಗುರುತಿಗೆ ಕೂರಿಸಿ, ಎತ್ತಿ ಗೂಟದ ಮೇಲ್ಬದಿಗೆ ತನ್ನಿ.

ಡೀಸೆಲ್, ಟೆಂಪರೇಚರ್ ಮೀಟರ್ ನಿಮ್ಮದರಲ್ಲಿ ಬೈಮೆಟಲ್ (ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿಯಿಂದ ಮುಳ್ಳು ತಿರುಗುವಂಥದ್ದು) ಇರಬಹುದು. ಇಗ್ನಿಷನ್ ಹಾಕಿದ ಮೇಲೆ ಮುಳ್ಳು ನಿಧಾನಕ್ಕೆ, ಅರ್ಧ ನಿಮಿಷ ತೆಗೆದುಕೊಂಡು ಏರಿದರೆ ಬೈಮೆಟಲ್ಲೇ. ಅದರ ಮುಳ್ಳು ಕೀಳಲು ಹೋಗಬೇಡಿ. ಡಯಲ್‌ನಲ್ಲಿ ಮುಳ್ಳಿನ ಜಾಗಕ್ಕೆ ಸೀಳು ಕೊಟ್ಟು ಪಕ್ಕದಿಂದ ತೂರಿಸಬೇಕು.

ತುಂಗಾತೀರ

ಮಧ್ಯೆ ಬಾಯಿ ಹಾಕುತ್ತೇನೆ. ಹೊಸ ಕಾರುಗಳ ಸ್ಟೆಪ್ಪರ್ ಮೋಟರ್ ಮುಳ್ಳಿಗೂ ಇದೇ ಕ್ರಮವೇ?

ಆಟೋಕರೆಂಟು_ಸಾಗರ

ಇಲ್ಲ ಸರ್. ಸ್ಟೆಪ್ಪರಿನಲ್ಲಿ ಸ್ಪ್ರಿಂಗ್ ಇಲ್ಲ. ಒಳಗೆ ಪ್ಲಾಸ್ಟಿಕ್ ಹಲ್ಲುಚಕ್ರ, ಒಟ್ಟು ತಿರುಗುವಿಕೆ ಸಾಮಾನ್ಯವಾಗಿ 315 ಡಿಗ್ರಿ. ಇಗ್ನಿಷನ್ ಹಾಕಿದಾಗ ಮೋಟರ್ ತಾನೇ ಸೊನ್ನೆಗೆ ಬಡಿದು ನಿಲ್ಲುತ್ತದೆ. ಆಗ ಮುಳ್ಳನ್ನು ಸೊನ್ನೆ ಗೆರೆಗೆ ಹಗುರವಾಗಿ ಇಟ್ಟು, ಓಬಿಡಿ ಉಪಕರಣದಿಂದ (ಕಾರಿನ ಕಂಪ್ಯೂಟರ್ ಓದುವ ಸಾಧನ) ಆರ್‌ಪಿಎಂ, ವೇಗ ಓದಿ ಹೊಂದಿಸಿ, ಆಮೇಲೆ ಒತ್ತಿ ಕೂರಿಸುವುದು. ಏರ್‌ಕೋರ್ ಮೀಟರು (ತಂತಿ ಸುರುಳಿಗಳ ಕಾಂತಬಲದಿಂದ ಮುಳ್ಳು ತಿರುಗುವಂಥದ್ದು) ಇನ್ನೂ ಬೇರೆ: ಅದರ ಕಡ್ಡಿಯ ಬುಡದಲ್ಲಿ ದಪ್ಪ ಸಿಲಿಕೋನ್ ಎಣ್ಣೆ ಇರುತ್ತದೆ. ಮುಳ್ಳನ್ನು ಜೋರಾಗಿ ಎಳೆದರೆ ಕಡ್ಡಿಯೂ ಮೇಲೆದ್ದು ಎಣ್ಣೆ ಸೋರುತ್ತದೆ, ಆಮೇಲೆ ಮುಳ್ಳು ಕುಣಿಯಲು ಶುರು.

ಹುಲಿಕಲ್_ಜೀಪು

ಡ್ರಿಲ್ ಮೇಲೆ ಓಡಿಸಿದ ಲೆಕ್ಕ, ಗೂಟದಿಂದ ಡಿಗ್ರಿಯಲ್ಲಿ. 20ಕ್ಕೆ 38. 40ಕ್ಕೆ 80. 60ಕ್ಕೆ 122. 80ಕ್ಕೆ 164. 100ಕ್ಕೆ 206. ಏರುವಾಗ ಇಳಿಯುವಾಗ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಅಂಗಡಿಯವರು 0ಯಿಂದ 100ರವರೆಗೆ ಐದು ಸಮ ಭಾಗ ಮಾಡಿ ಕಳಿಸಿದ್ದಾರೆ, 206ನ್ನು 5ರಿಂದ ಭಾಗಿಸಿ 41.2 ಡಿಗ್ರಿಗೆ ಒಂದರಂತೆ. ಅದನ್ನೇ ಒಪ್ಪಿಕೊಳ್ಳಬಹುದಾ?

ಡಯಲ್_ಡ್ರಾಯಿಂಗ್

ಒಪ್ಪಬೇಡಿ. ನಿಮ್ಮ ಅಳತೆ ಬಹಳ ಚೆನ್ನಾಗಿದೆ, ಅದನ್ನೇ ನಂಬಿ. 38, 80, 122, 164, 206: ಪ್ರತಿ 20 ಕಿ.ಮೀ.ಗೆ ನೆಟ್ಟಗೆ 42 ಡಿಗ್ರಿ. ಇದೇ ಲೆಕ್ಕದಲ್ಲಿ ಹಿಂದಕ್ಕೆ ಹೋದರೆ ಸೊನ್ನೆ ಬರುವುದು ಗೂಟಕ್ಕಿಂತ 4 ಡಿಗ್ರಿ ಕೆಳಗೆ. ಅಂದರೆ ಗೂಟವು ಮುಳ್ಳನ್ನು ಅದರ ನಿಜವಾದ ಸೊನ್ನೆಗಿಂತ 4 ಡಿಗ್ರಿ ಮೇಲೆ ತಡೆದು ಹಿಡಿದಿದೆ. ಗಾಡಿ ನಿಂತಾಗ ಮುಳ್ಳು ನಡುಗದಿರಲಿ ಅಂತ ಕಾರ್ಖಾನೆಯಲ್ಲೇ ಕೊಡುವ ಬಿಗಿ ಅದು. ಕಿಲೋಮೀಟರಿಗೆ 2.1 ಡಿಗ್ರಿ, ಹಾಗಾಗಿ ಗಾಡಿ ಸುಮಾರು 2 ಕಿ.ಮೀ. ವೇಗಕ್ಕೆ ಬರುವವರೆಗೆ ಮುಳ್ಳು ಏಳುವುದಿಲ್ಲ.

ಅಂಗಡಿಯವರು ಕಳಿಸಿದ ಡಯಲ್‌ನಲ್ಲಿ 20ರ ಗೆರೆ 41.2 ಡಿಗ್ರಿಗೆ ಬರುತ್ತದೆ. ನಿಜವಾದ 20ರಲ್ಲಿ ಮುಳ್ಳು ಇರುವುದು 38ಕ್ಕೆ. ಒಂದೂವರೆ ಕಿಲೋಮೀಟರ್ ಕಡಿಮೆ ತೋರಿಸುತ್ತದೆ. 40ರಲ್ಲೂ ಕಡಿಮೆ, 60ರಲ್ಲೂ ಕಡಿಮೆ, 100ರಲ್ಲಿ ಮಾತ್ರ ಸರಿ. ನಾವು ಓಡಾಡುವ ಘಾಟಿ ವೇಗದಲ್ಲೇ ತಪ್ಪು.

ನಿಮ್ಮ ಡ್ರಾಯಿಂಗಿಗೆ: 10ಕ್ಕೆ 17 ಡಿಗ್ರಿ, ಅಲ್ಲಿಂದ ಪ್ರತಿ 10ಕ್ಕೆ 21 ಡಿಗ್ರಿ, ನಡುವಿನ ಐದರ ಗೆರೆಗೆ 10.5. 120 ಬರುವುದು 248ಕ್ಕೆ. ಸೊನ್ನೆಯ ಗೆರೆ ಗೂಟದ ಹತ್ತಿರ ಇರಲಿ, 5ರ ಗೆರೆ ಹಾಕಬೇಡಿ. 0ಗೂ 10ಕ್ಕೂ ನಡುವೆ 17 ಡಿಗ್ರಿ ಮಾತ್ರ ಇರುವುದು ಕಣ್ಣಿಗೆ ಕಿರಿಕಿರಿ ಅನಿಸಬಾರದು ಅಂತ ಆ ಭಾಗ ಖಾಲಿ ಬಿಡುವುದು ಒಳ್ಳೆಯ ಅಭ್ಯಾಸ. 60ಕ್ಕೆ ಒಂದು ಕಿ.ಮೀ. ಹೆಚ್ಚು ತೋರಿಸಬೇಕಾದರೆ ಇಡೀ ಪಟ್ಟಿಯನ್ನು 2 ಡಿಗ್ರಿ ಹಿಂದಕ್ಕೆ ತಿರುಗಿಸಿ.

ಇಂಕ್‌ಸ್ಕೇಪ್‌ನಲ್ಲಿ (ಕಂಪ್ಯೂಟರಿನ ಡ್ರಾಯಿಂಗ್ ತಂತ್ರಾಂಶ) ಒಂದು ಗೆರೆ ಎಳೆದು ಅದರ ತಿರುಗುವ ಕೇಂದ್ರವನ್ನು ಕಡ್ಡಿಯ ತೂತಿನ ಮಧ್ಯಕ್ಕೆ ತಂದಿಡಿ, ಆಮೇಲೆ ನಕಲು ಮಾಡುತ್ತ ಡಿಗ್ರಿ ಟೈಪ್ ಮಾಡಿ ತಿರುಗಿಸಿ. ಕಣ್ಣಳತೆಯಲ್ಲಿ ಎಳೆಯಬೇಡಿ. ಕೇಂದ್ರ 1 ಮಿ.ಮೀ. ತಪ್ಪಿದರೆ 30 ಮಿ.ಮೀ. ತ್ರಿಜ್ಯದಲ್ಲಿ 1.9 ಡಿಗ್ರಿ, ನಿಮಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅದೂ ಡಯಲಿನ ಒಂದು ಬದಿ ಹೆಚ್ಚು, ಎದುರು ಬದಿ ಕಡಿಮೆ. ಆಮೇಲೆ ಮುಳ್ಳು ಸರಿಸಿ ತಿದ್ದಲಿಕ್ಕೂ ಬರುವುದಿಲ್ಲ.

ಸ್ಕ್ರೀನ್_ಮೆಶ್

ಇನ್ನು ಪ್ರಿಂಟ್ ನನ್ನ ಪಾಲಿಗೆ ಬಿಡಿ.

ಮೊದಲು ಹಿಂದಿನಿಂದ ಬೆಳಕಿನ ಆಸೆ. ನಿಮ್ಮ ಡಯಲ್ ತಗಡು. ಅದರ ಹಿಂದೆ ಓಡೋಮೀಟರ್ ಚಕ್ರ, ಚೌಕಟ್ಟು, ಆಯಸ್ಕಾಂತ. ತಗಡು ತೆಗೆದು ಪಾಲಿಕಾರ್ಬೊನೇಟ್ ಹಾಕಿದರೂ ಬಲ್ಬಿನ ಬೆಳಕು ಚೌಕಟ್ಟಿನ ನೆರಳಿನಲ್ಲಿ ತುಂಡು ತುಂಡಾಗಿ ಬರುತ್ತದೆ. ಆ ಮೀಟರಿಗೆ ಅಂಚಿನಿಂದ ಡಯಲ್ ಮುಖದ ಮೇಲೆ ಬೀಳುವ ಬೆಳಕೇ ಸರಿ. ಅದಕ್ಕೆ ಬೇಕಾದದ್ದು ಹೊಳಪಿಲ್ಲದ ಕಪ್ಪು, ದಟ್ಟ ಬಿಳಿ.

ಸ್ಟಿಕರ್ ಸಾಕಾ ಅಂದರೆ, ಸಾಕು. ಆದರೆ ಬ್ಯಾನರ್ ಹೊಡೆಯುವ ಫ್ಲೆಕ್ಸ್ ಮೆಷಿನ್ ಬೇಡ, ಅದರ ಶಾಯಿ ಹನಿ ದಪ್ಪ, 0.4 ಮಿ.ಮೀ. ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತದೆ. ಇಕೋ ಸಾಲ್ವೆಂಟ್ ಮೆಷಿನ್, 1440 ಡಿಪಿಐ, ಮೇಲೆ ಮ್ಯಾಟ್ ಲ್ಯಾಮಿನೇಶನ್ ಅಂತ ಕೇಳಿ. ಪ್ರಿಂಟ್ ಆದ ಕೂಡಲೇ ಲ್ಯಾಮಿನೇಶನ್ ಮಾಡಲು ಬಿಡಬೇಡಿ. ಶಾಯಿಯೊಳಗಿನ ದ್ರಾವಕ ಆರಲು 24 ಗಂಟೆ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 48 ಗಂಟೆ ಕೊಡಿ. ಆರದೆ ಮುಚ್ಚಿದರೆ ದ್ರಾವಕ ಅಂಟಿಗೆ ಇಳಿದು ಆರು ತಿಂಗಳಲ್ಲಿ ಅಂಚು ಮುದುಡುತ್ತದೆ. ಇಂಕ್‌ಜೆಟ್ ಫೋಟೋ ಪೇಪರ್ ಆಗುಂಬೆ ಕಡೆಗೆ ಬೇಡವೇ ಬೇಡ: ಕಾಗದ ಉಬ್ಬಿ ಮುಳ್ಳಿಗೆ ತಾಗುತ್ತದೆ.

ಹಳೆ ಬಣ್ಣದ ಮೇಲೆ ಅಂಟಿಸುವುದು ದೊಡ್ಡ ತಪ್ಪು. ಎದ್ದ ಬಣ್ಣದ ಕೆಳಗೆ ತುಕ್ಕೋ ಅಲ್ಯೂಮಿನಿಯಂ ಪುಡಿಯೋ ಇರುತ್ತದೆ, ಅದು ಬೆಳೆಯುತ್ತಲೇ ಇರುತ್ತದೆ. ಪೇಂಟ್ ರಿಮೂವರ್ ಹಾಕಿ ಬರಿ ಲೋಹಕ್ಕೆ ತನ್ನಿ, 400 ನಂಬರ್ ನೀರುಪೇಪರ್‌ನಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಎಚ್ ಪ್ರೈಮರ್ (ಬರಿ ಲೋಹಕ್ಕೆ ಕಚ್ಚಿಕೊಳ್ಳುವ ತಳಬಣ್ಣ) ಒಂದು ಕೋಟು, ಮ್ಯಾಟ್ ಕಪ್ಪು ಎರಡು ತೆಳು ಕೋಟು. ಅದರ ಮೇಲೆ ಸ್ಟಿಕರ್.

ದಪ್ಪದ ಲೆಕ್ಕ ಇಡಿ. ವಿನೈಲ್ ಮತ್ತು ಲ್ಯಾಮಿನೇಶನ್ ಸೇರಿ ಸುಮಾರು 0.2 ಮಿ.ಮೀ. ಮುಳ್ಳಿಗೂ ಡಯಲ್‌ಗೂ ನಡುವೆ ಎಲ್ಲ ಮುಗಿದ ಮೇಲೆ ಕನಿಷ್ಠ 1 ಮಿ.ಮೀ. ಉಳಿಯಬೇಕು. ನಡುತೂತನ್ನು ಕತ್ತರಿಯಲ್ಲಿ ಮಾಡಬೇಡಿ, ಚರ್ಮಕ್ಕೆ ತೂತು ಹೊಡೆಯುವ ಪಂಚು ಬಳಸಿ. ಅಂಚಿನ ಒಂದು ಎಳೆ ಎದ್ದರೂ ಕಡ್ಡಿ ಹಿಡಿಯುತ್ತದೆ.

ಸ್ಟಿಕರಿಗಿಂತ ಎಷ್ಟೋ ಪಾಲು ಬಾಳುವುದು ನೇರ ಸ್ಕ್ರೀನ್ ಪ್ರಿಂಟ್. ಮದುವೆ ಕಾರ್ಡು ಹೊಡೆಯುವವರ ಹತ್ತಿರ ಫ್ರೇಮು ಇದ್ದೇ ಇರುತ್ತದೆ. ಸೆಂಟಿಮೀಟರಿಗೆ 120 ಎಳೆಯ ಬಟ್ಟೆ, ಎರಡು ಭಾಗದ ಎಪಾಕ್ಸಿ ಬಿಳಿ ಶಾಯಿ. ಕಾರ್ಡಿಗೆ ಹಾಕುವ ಶಾಯಿ ಲೋಹಕ್ಕೆ ಹಿಡಿಯುವುದಿಲ್ಲ, ಉಗುರಿನಲ್ಲಿ ಕೆರೆದರೆ ಬರುತ್ತದೆ. ಒಂದೇ ಡಯಲ್‌ಗೆ ಫ್ರೇಮ್ ಮಾಡಿಸುವುದು ದುಬಾರಿ ಅನಿಸಿದರೆ ಮೂರೂ ಮೀಟರಿನ ಡಯಲ್ ಒಂದೇ ಫ್ರೇಮಿನಲ್ಲಿ ಕೂರಿಸಿ. ಎರಡು ತಗಡು ಹೆಚ್ಚಿಗೆ ಹೊಡೆಸಿಡಿ.

ತುಂಗಾತೀರ

ಹಿಂದಿನಿಂದ ಬೆಳಕು ಬರುವ ಕಾರಿನ ಮೀಟರಿಗೆ ಹೇಗೆ?

ಸ್ಕ್ರೀನ್_ಮೆಶ್

ಅದಕ್ಕೆ 250 ಮೈಕ್ರಾನ್ ಪಾಲಿಕಾರ್ಬೊನೇಟ್, ಮುಂಭಾಗ ತರಿ ಇರುವುದು. ಪ್ರಿಂಟ್ ಹಿಂಭಾಗಕ್ಕೆ, ಕನ್ನಡಿಯ ಪ್ರತಿಬಿಂಬದ ಹಾಗೆ ತಿರುಗಿಸಿ. ಮೊದಲು ಕಪ್ಪು, ಅಂಕಿಗಳ ಜಾಗ ಖಾಲಿ. ಅದರ ಮೇಲೆ ಬಿಳಿ ಎರಡು ತೆಳು ಕೋಟು. ದಪ್ಪ ಒಂದೇ ಕೋಟು ಹಾಕಿದರೆ ಅಲ್ಲಲ್ಲಿ ಮೋಡ ಕಟ್ಟಿದ ಹಾಗೆ ಬೆಳಕು ಬರುತ್ತದೆ. ಬಿಳಿ ತೀರಾ ತೆಳುವಾದರೆ ಹಗಲಲ್ಲಿ ಅಂಕಿ ಬೂದು ಬಣ್ಣಕ್ಕೆ ಕಾಣುತ್ತದೆ. ಕೊನೆಗೆ ಇನ್ನೊಮ್ಮೆ ಕಪ್ಪು, ಅಂಕಿಗಿಂತ 0.2 ಮಿ.ಮೀ. ಸುತ್ತ ಬಿಟ್ಟು, ಮೊದಲ ಕಪ್ಪಿನಲ್ಲಿ ಸೂಜಿಮೊನೆಯ ತೂತು ಉಳಿದಿದ್ದರೆ ಮುಚ್ಚಿಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಂದೆ ಹಿಡಿದು ಪರೀಕ್ಷಿಸಿ, ಆಮೇಲೆ ಕತ್ತರಿಸಿ.

ಲೇಸರ್ ಕಟಿಂಗ್ ಬಗ್ಗೆ ಎಚ್ಚರ: ಪಾಲಿಕಾರ್ಬೊನೇಟ್ ಅಂಚು ಹಳದಿ ಕಂದಾಗಿ ಸುಡುತ್ತದೆ. ವಿನೈಲ್ ಅಂತೂ ಲೇಸರ್ ಕೆಳಗೆ ಇಡಲೇಬಾರದು. ಅದು ಪಿವಿಸಿ, ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಮನುಷ್ಯರಿಗೂ ಮೆಷಿನ್‌ಗೂ ಕೆಡುಕು. ವಿನೈಲ್‌ಗೆ ಪ್ಲಾಟರ್ ಬ್ಲೇಡು, ಪಾಲಿಕಾರ್ಬೊನೇಟಿಗೆ ಬ್ಲೇಡು ಇಲ್ಲವೇ ಪಂಚು.

ಮಲೆನಾಡ_ಆರ್‌ಎಕ್ಸ್

ಪಾಲಿಕಾರ್ಬೊನೇಟನ್ನು ಪೆಟ್ರೋಲಿನಲ್ಲೋ ಥಿನ್ನರಿನಲ್ಲೋ ಒರೆಸಬೇಡಿ ಅಂತಲೂ ಸೇರಿಸಿ. ಕೂದಲು ಸೀಳಿನ ಹಾಗೆ ಬಿರುಕು ಬಿಡುತ್ತದೆ. ಮತ್ತೆ ಮೀಟರಿನೊಳಗೆ ಫೆವಿಕ್ವಿಕ್ ಬೇಡ ಮಾರಾಯ್ರೇ. ಅದರ ಆವಿ ಗಾಜಿನ ಒಳಮೈಗೆ, ಡಯಲ್‌ಗೆ ಬಿಳಿ ಪುಡಿಯಾಗಿ ಕೂರುತ್ತದೆ.

ಹುಲಿಕಲ್_ಜೀಪು

ಕನ್ನಡ ಅಂಕಿ ವಿಚಾರ ಯಾರೂ ಎತ್ತಲಿಲ್ಲ. ನಂಬರ್ ಪ್ಲೇಟಿನಲ್ಲಿ ಬರೆಯುವ ಹಾಗಿಲ್ಲ ಅನ್ನುತ್ತಾರಲ್ಲ, ಇಲ್ಲಿ ತೊಂದರೆ ಇದೆಯಾ?

ಡಯಲ್_ಡ್ರಾಯಿಂಗ್

ನಂಬರ್ ಪ್ಲೇಟಿಗೆ ಇಂಗ್ಲಿಷ್ ಅಕ್ಷರ, 1-2-3 ಅಂಕಿಯೇ ಇರಬೇಕು ಅನ್ನುವುದು ಕೇಂದ್ರ ಮೋಟಾರು ವಾಹನ ನಿಯಮ. ಅದು ಪ್ಲೇಟಿನ ಮಾತು. ಡಯಲ್ ವಿಚಾರದಲ್ಲಿ ನನ್ನ ಚಿಂತೆ ಓದುವುದರ ಬಗ್ಗೆ.

ಓಡಿಸುವಾಗ ಮೀಟರ್ ನೋಡುವುದು ಒಂದು ಕ್ಷಣ ಮಾತ್ರ. ಆ ಕ್ಷಣದಲ್ಲಿ ೬ ಮತ್ತು ೯ ಒಂದನ್ನೊಂದು ಹೋಲುತ್ತವೆ. ವ್ಯತ್ಯಾಸ ಇರುವುದು ಬಾಲ ತಿರುಗುವ ಕಡೆಯಲ್ಲಿ. ೬೦ ಮತ್ತು ೯೦ ಬೆರೆತುಹೋದರೆ ಅದು ಚಿಕ್ಕ ತಪ್ಪಲ್ಲ. ಪರಿಹಾರ ಸುಲಭ: ಅಂಕಿಗಳನ್ನು ೨೦, ೪೦, ೬೦, ೮೦, ೧೦೦ ಅಂತ ಮಾತ್ರ ಹಾಕಿ, ನಡುವಿನ ಹತ್ತಕ್ಕೆ ಉದ್ದ ಗೆರೆ ಸಾಕು. ಆಗ ಡಯಲ್ ಮೇಲೆ ೯ ಬರುವುದೇ ಇಲ್ಲ.

ಎತ್ತರ: ಕಣ್ಣಿನಿಂದ ಡಯಲ್‌ಗೆ 70 ಸೆಂ.ಮೀ. ಇದ್ದರೆ 20 ಕೋನ ನಿಮಿಷಕ್ಕೆ (ಒಂದು ಡಿಗ್ರಿಯ ಮೂರನೇ ಒಂದು ಭಾಗ) 4 ಮಿ.ಮೀ. ಬರುತ್ತದೆ. 1-2-3ಕ್ಕೆ ಅಷ್ಟು ಸಾಕು. ಕನ್ನಡ ಅಂಕಿಯಲ್ಲಿ ಸುರುಳಿ ಹೆಚ್ಚು, ಒಳಗಿನ ಖಾಲಿ ಜಾಗ ತುಂಬಿಹೋಗುತ್ತದೆ, ಅದಕ್ಕೆ 6 ಮಿ.ಮೀ. ಇಡಿ. ಗೆರೆಯ ದಪ್ಪ ಎತ್ತರದ ಎಂಟನೇ ಒಂದು ಭಾಗ. ದಪ್ಪ ತೆಳು ಇರುವ ಅಲಂಕಾರದ ಫಾಂಟ್ ಬೇಡ, ಒಂದೇ ದಪ್ಪದ್ದು ತೆಗೆದುಕೊಳ್ಳಿ. ನೋಟೊ ಸಾನ್ಸ್ ಕನ್ನಡ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಅಂಕಿಗಳನ್ನು ವೃತ್ತದ ಜೊತೆ ಓರೆ ಮಾಡಬೇಡಿ, ಎಲ್ಲವೂ ನೆಟ್ಟಗೆ ನಿಂತಿರಲಿ. ಕನ್ನಡ ಅಂಕಿಗೆ ಇದು ಇನ್ನೂ ಮುಖ್ಯ, ಓರೆಯಾದರೆ ಬಾಲದ ದಿಕ್ಕೇ ಗೊತ್ತಾಗುವುದಿಲ್ಲ. ಬೇರೆಯವರೂ ಓಡಿಸುವ ಗಾಡಿಯಾದರೆ ಒಳ ಸುತ್ತಿನಲ್ಲಿ 3 ಮಿ.ಮೀ. ಎತ್ತರಕ್ಕೆ 20, 40 ಅಂತಲೂ ಹಾಕಿ.

ಸ್ಕ್ರೀನ್_ಮೆಶ್

ಫೈಲ್ ಕೊಡುವಾಗ ಅಕ್ಷರಗಳನ್ನೆಲ್ಲ ಪಾತ್ (ಫಾಂಟ್ ಬೇಡದ ಗೆರೆಚಿತ್ರ) ಮಾಡಿ ಕೊಡಿ, ಕೋರಲ್‌ಡ್ರಾನಲ್ಲಿ ಕರ್ವ್ ಅನ್ನುತ್ತಾರಲ್ಲ, ಅದು. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರುತ್ತದೆ, ನಿಮ್ಮದು ಯೂನಿಕೋಡ್. ತೆರೆದ ಕೂಡಲೇ "ಡೀಸೆಲ್" ಅನ್ನುವುದು ಚೌಕಗಳಾಗಿ ಬರಬಹುದು, ಗುಣಿತ ಮುರಿದು ಬರಬಹುದು. ಫೈಲಿನ ಮೂಲೆಯಲ್ಲಿ ಅಡ್ಡ 100 ಮಿ.ಮೀ., ಉದ್ದ 100 ಮಿ.ಮೀ. ಎರಡು ಗೆರೆ ಹಾಕಿ. ಪ್ರಿಂಟ್ ಬಂದ ಮೇಲೆ ವರ್ನಿಯರ್ ಹಿಡಿದು ಎರಡನ್ನೂ ಅಳೆಯಿರಿ. ಎರಡೂ 97 ಬಂದರೆ ಯಾರೋ ಪುಟಕ್ಕೆ ಹೊಂದಿಸಿ ಹೊಡೆದಿದ್ದಾರೆ. ಕೋನ ಕೆಡುವುದಿಲ್ಲ, ಆದರೆ ಸ್ಕ್ರೂ ತೂತು, ಓಡೋಮೀಟರ್ ಕಿಟಕಿ ತಪ್ಪುತ್ತವೆ. ಒಂದು 100, ಇನ್ನೊಂದು 98 ಬಂದರೆ ಕೋನಗಳೇ ಕೆಟ್ಟವು, ವಾಪಸ್ ಕೊಡಿ.

ಆಟೋಕರೆಂಟು_ಸಾಗರ

ಡೀಸೆಲ್, ಟೆಂಪರೇಚರ್ ಡಯಲ್‌ಗೆ ಗೆರೆ ಎಲ್ಲಿ ಅಂತ ಕೇಳುವ ಮೊದಲೇ ಹೇಳುತ್ತೇನೆ. ಟ್ಯಾಂಕಿನ ಫ್ಲೋಟ್ ಹೊರತೆಗೆದು, ಖಾಲಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎತ್ತರದಲ್ಲಿ ಮಲ್ಟಿಮೀಟರಿನಿಂದ ಓಮ್ ಬರೆದುಕೊಳ್ಳಿ. ಅಷ್ಟೇ ಓಮಿನ 5 ವ್ಯಾಟ್ ರೆಸಿಸ್ಟರುಗಳನ್ನು ಸೆಂಡರ್ (ಮೀಟರಿಗೆ ಸಂಕೇತ ಕಳಿಸುವ ಭಾಗ, ಇಲ್ಲಿ ಆ ಫ್ಲೋಟ್) ಜಾಗದಲ್ಲಿ ಹಾಕಿ, ಪ್ರತಿಯೊಂದಕ್ಕೂ ಎರಡು ನಿಮಿಷ ಕಾದು ಮುಳ್ಳಿನ ಕೋನ ಗುರುತು ಮಾಡಿ. ಗೆರೆಗಳು ಸಮ ಅಂತರದಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೈಮೆಟಲ್ ಮೀಟರಿಗೆ ವೋಲ್ಟೇಜ್ ಸ್ಟೆಬಿಲೈಸರ್ ಇದ್ದರೆ ಅದರ ಮೂಲಕವೇ ಕರೆಂಟ್ ಕೊಡಿ. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೆ ಒಳಗಿನ ತಂತಿ ಸುಡಬಹುದು.

ಟೆಂಪರೇಚರಿಗೆ ಸೆಂಡರನ್ನು ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಪಕ್ಕದಲ್ಲಿ. ಸೆಂಡರ್ ಮೈಗೆ ಅರ್ಥ್ ವೈರ್ ಕೊಡಬೇಕು, ಮೇಲಿನ ಟರ್ಮಿನಲ್ ನೀರಿಗೆ ಮುಳುಗಬಾರದು. 60, 80, 90 ಗುರುತು ಮಾಡಿ. ನಮ್ಮ ಕಡೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ನೀರು ಕುದಿಯುವುದು 98ರ ಹತ್ತಿರ. ಕುದಿಯುವಾಗ 100 ಅಂತ ಬರೆದುಕೊಳ್ಳಬೇಡಿ.

ಬಲ್ಬ್: ಬೆಳಕಿನ ಬಲ್ಬಿಗೆ ಎಲ್‌ಇಡಿ ಹಾಕಬಹುದು, ಪ್ಲಸ್ ಮೈನಸ್ ನೋಡಿ. ಚಾರ್ಜಿಂಗ್ ಎಚ್ಚರಿಕೆ ದೀಪಕ್ಕೆ ಮಾತ್ರ ಎಲ್‌ಇಡಿ ಬೇಡ. ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಶುರು ಮಾಡಲು ಬೇಕಾದ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿ ಹಾಕಲೇಬೇಕಾದರೆ ಪಕ್ಕದಲ್ಲಿ 47ರಿಂದ 100 ಓಮ್, 5 ವ್ಯಾಟಿನ ರೆಸಿಸ್ಟರ್ ಸೇರಿಸಿ.

ತುಂಗಾತೀರ

ಹಳೆ 3 ವ್ಯಾಟ್ ಬಲ್ಬಿನ ಬಿಸಿಯೂ ಒಳಗಿನ ತೇವ ಓಡಿಸುತ್ತಿತ್ತು. ಎಲ್‌ಇಡಿಗೆ ಆ ಬಿಸಿ ಇಲ್ಲ. ಹೊಸನಗರ, ತೀರ್ಥಹಳ್ಳಿ ಕಡೆ ಓಡುವ ಗಾಡಿಯಾದರೆ ಹಳೆ ಬಲ್ಬನ್ನೇ ಉಳಿಸಿಕೊಳ್ಳುವುದು ಮೇಲು ಅನ್ನಿಸುತ್ತದೆ.

ಡಯಲ್_ಡ್ರಾಯಿಂಗ್

ಒಪ್ಪುತ್ತೇನೆ. ತೇವದ ಲೆಕ್ಕ ಕೊಟ್ಟುಬಿಡುತ್ತೇನೆ. 28 ಡಿಗ್ರಿ ಬಿಸಿ, ಶೇ. 80 ಆರ್ದ್ರತೆಯ ದಿನ ಮೀಟರ್ ಮುಚ್ಚಿದರೆ ಒಳಗಿನ ಗಾಳಿಯ ಇಬ್ಬನಿ ಬಿಂದು 24 ಡಿಗ್ರಿ. ರಾತ್ರಿ ಘಾಟಿ ಮೇಲೆ 19ಕ್ಕೆ ಇಳಿದರೆ ಗಾಜಿನ ಒಳಮೈಗೆ ಹನಿ ಕಟ್ಟಲೇಬೇಕು. ಎಷ್ಟು ಸಿಲಿಕೋನ್ ಮೆತ್ತಿದರೂ ಅಷ್ಟೇ, ನೀರು ಒಳಗೇ ಇದೆ. ಹಾಗಾಗಿ ಮಳೆಗಾಲದಲ್ಲಿ ಮುಚ್ಚುವುದಾದರೆ ಮೊದಲು ಗಾಳಿಯಾಡದ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜೊತೆ ಮೀಟರನ್ನು ಒಂದು ದಿನ ಇಡಿ. ಜೆಲ್ ಹಳೆಯದಾದರೆ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಹೊರತೆಗೆದ ಕೂಡಲೇ ಗಾಜು ಹಾಕಿ ರಿಮ್ ಮಡಚಿ. ಜೆಲ್ ಕಾಳನ್ನು ಮೀಟರಿನೊಳಗೆ ಬಿಡಬೇಡಿ, ಹಲ್ಲುಚಕ್ರಕ್ಕೆ ಸಿಗುತ್ತದೆ.

ಡಬ್ಬಿಯ ಹಿಂಭಾಗದ ಚಿಕ್ಕ ಗಾಳಿತೂತನ್ನು ಮುಚ್ಚಬೇಡಿ. ಬಿಸಿಲಿಗೆ ಹಿಗ್ಗಿದ ಗಾಳಿ ಅಲ್ಲಿಂದ ಹೋಗದಿದ್ದರೆ ಕೇಬಲ್ ಬಾಯಿಯಿಂದಲೋ ರಿಮ್ಮಿನ ಸಂದಿಯಿಂದಲೋ ಹೋಗುತ್ತದೆ, ತಂಪಾದಾಗ ಅಲ್ಲಿಂದಲೇ ನೀರು ಎಳೆದುಕೊಳ್ಳುತ್ತದೆ. ತೂತು ಕೆಳಮುಖವಾಗಿರಲಿ. ಸಿಲಿಕೋನ್ ಬೇಕೇ ಬೇಕಾದರೆ ನ್ಯೂಟ್ರಲ್ ಅಂತ ಬರೆದದ್ದು ತನ್ನಿ. ವಿನೆಗರ್ ವಾಸನೆಯದ್ದು ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರ ಹಸಿರಾಗುತ್ತದೆ.

ಹುಲಿಕಲ್_ಜೀಪು

ಡಯಲ್ ಹಾಕಿ ಮುಚ್ಚಿದೆ, ೨೦-೪೦-೬೦ ಮಾದರಿ. ಜಿಪಿಎಸ್ ಜೊತೆ ಹೋಲಿಸಿದರೆ ಹುಲಿಕಲ್ ಘಾಟಿಯಲ್ಲಿ ಮೀಟರ್ 5 ಹೆಚ್ಚು, ಒಮ್ಮೊಮ್ಮೆ 3 ಕಡಿಮೆ. ಗಾಜು ಒರೆಸಿದಾಗ ಮುಳ್ಳು ತಾನೇ 10ರವರೆಗೆ ಎದ್ದು ನಿಂತಿತ್ತು. ಮತ್ತೆ ಬಿಚ್ಚಬೇಕಾ?

ಡಯಲ್_ಡ್ರಾಯಿಂಗ್

ಬಿಚ್ಚಬೇಡಿ. ಮುಳ್ಳು ಎದ್ದದ್ದು ಸ್ಥಿರ ವಿದ್ಯುತ್ತಿನಿಂದ. ಪ್ಲಾಸ್ಟಿಕ್ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಹಾಗಾಗುತ್ತದೆ; ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ಒದ್ದೆ ಬಟ್ಟೆ ಹಿಂಡಿ ಒರೆಸಿ, ಇಳಿಯುತ್ತದೆ.

ಘಾಟಿಯ ಜಿಪಿಎಸ್ ನಂಬಬೇಡಿ. ಮರದಡಿ ಉಪಗ್ರಹ ಸರಿಯಾಗಿ ಸಿಗುವುದಿಲ್ಲ, ತಿರುವಿನಲ್ಲಿ ವೇಗ ಬದಲಾಗುತ್ತಲೇ ಇರುತ್ತದೆ, ಫೋನ್ ಒಂದೆರಡು ಸೆಕೆಂಡ್ ಹಿಂದೆ ಇರುತ್ತದೆ. ಶಿವಮೊಗ್ಗ–ಭದ್ರಾವತಿ ರಸ್ತೆಯಂಥ ಬಯಲಲ್ಲಿ, ದಟ್ಟಣೆ ಇಲ್ಲದ ಹೊತ್ತಿನಲ್ಲಿ, ಮೀಟರಿನ 40ಕ್ಕೆ ಹಿಡಿದು ಹತ್ತು ಸೆಕೆಂಡ್ ಅಲ್ಲಾಡದೆ ಓಡಿಸಿ. ಫೋನ್ ಪಕ್ಕದಲ್ಲಿ ಕೂತವರು ಓದಲಿ. ಹೋಗುವಾಗ ಮೂರು, ಬರುವಾಗ ಮೂರು. 60ಕ್ಕೂ ಹಾಗೇ. ಜಿಪಿಎಸ್ 39, 59 ಬಂದರೆ ಪಟ್ಟಿ ಸರಿ. ಎರಡರಲ್ಲೂ ಒಂದೇ ಅಂತರ ತಪ್ಪಿದ್ದರೆ ಮುಳ್ಳು ಕೂರಿಸಿದ್ದು ಅಷ್ಟು ಡಿಗ್ರಿ ಆಚೀಚೆ ಆಗಿದೆ ಅಂತ. ವೇಗ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತ ಹೋದರೆ 40 ಮೀಟರಿನ ಎಣಿಕೆ ಮತ್ತೊಮ್ಮೆ ಮಾಡಿ.

ಹುಲಿಕಲ್_ಜೀಪು

40ಕ್ಕೆ 39, 39, 39, 40, 39, 39. 60ಕ್ಕೆ ಆರೂ ಸಲ 59.

ಡಯಲ್_ಡ್ರಾಯಿಂಗ್

ಸರಿಯಾಗಿದೆ. ಫೈಲಿನ ಮೇಲೆ ಟೈರ್ ಅಳತೆ, 637.5, ಗೂಟದ 4 ಡಿಗ್ರಿ ಬರೆದಿಟ್ಟುಬಿಡಿ. ಮುಂದೆ ಟೈರ್ ಬದಲಾದರೆ ಅಲ್ಲಿಂದಲೇ ಲೆಕ್ಕ ಶುರು ಮಾಡಬಹುದು.